ಲಟ್ಟಣಿಗೆಯ ಪಿಜ್ಜಾ

ರೋಮ್‌ನ ಗಲ್ಲಿ ಪಿಜ್ಜೇರಿಯಾದಲ್ಲಿ ಮೊದಲು ಕಣ್ಣಿಗೆ ಬೀಳುವುದು ಅವಸರ. ತೆಸ್ತಾಚ್ಚೊ, ತ್ರಾಸ್ತೆವೆರೆ ಬಡಾವಣೆಗಳ ಹಳೇ ಅಂಗಡಿಗಳಲ್ಲಿ ಒಲೆಗೆ ಜೀವ ಬರುವುದೇ ಸಂಜೆ. ರಾತ್ರಿ ಎಂಟೂವರೆಗೆ ಸಾಲು ಬೀದಿಗೆ ಬಂದಿರುತ್ತದೆ. ಮೇಜಿಗೆ ಕಾಗದದ ಹಾಸು, ಮಾಣಿಗೆ ನಗಲೂ ಪುರುಸೊತ್ತಿಲ್ಲ. ತ್ರಾಸ್ತೆವೆರೆಯ 'ಐ ಮಾರ್ಮಿ'ಗೆ ಅಲ್ಲಿನ ಅಮೃತಶಿಲೆಯ ಮೇಜುಗಳನ್ನು ನೋಡಿ ಊರವರು ಇಟ್ಟ ಅಡ್ಡಹೆಸರು 'ಒಬಿತೋರಿಯೊ', ಅಂದರೆ ಹೆಣದ ಮನೆ. ಆದರೂ ಜಾಗಕ್ಕೆ ನೂಕುನುಗ್ಗಲು.

ಈ ಅವಸರವನ್ನು ಒರಟುತನ ಅನ್ನಬೇಡಿ, ಅದರ ಮೂಲ ಹಿಟ್ಟಿನಲ್ಲಿದೆ. ಪಿಜ್ಜಾದ ತವರಾದ ನೇಪಲ್ಸ್‌ನವರು ಹಿಟ್ಟಿನ ಉಂಡೆಯನ್ನು ಕೈಯಲ್ಲೇ ತಟ್ಟಿ ಗಾಳಿಯನ್ನು ಅಂಚಿಗೆ ತಳ್ಳುತ್ತಾರೆ. ಲಟ್ಟಣಿಗೆ ಮುಟ್ಟಿದರೆ ಅವರಿಗೆ ಮೈಲಿಗೆ. ರೋಮ್‌ನವರು ಲಟ್ಟಣಿಗೆಯನ್ನೇ ಹಿಡಿಯುತ್ತಾರೆ. ಗಾಳಿಯೆಲ್ಲ ಹೊರಟುಹೋಗಿ ಅಂಚು, ನಡು ಎರಡೂ ಎರಡು ಮೂರು ಮಿಲಿಮೀಟರಿಗೆ ಇಳಿಯುತ್ತವೆ. ಉಂಡೆ ಸುಮಾರು 180 ಗ್ರಾಂ. ಕಿಲೋ ಮೈದಾಕ್ಕೆ 550ರಿಂದ 600 ಮಿಲಿಲೀಟರ್ ನೀರು. ಜೊತೆಗೆ ನೇಪಲ್ಸ್‌ನವರು ಹಾಕದ ಆಲಿವ್ ಎಣ್ಣೆ, ಎರಡು ಮೂರು ದೊಡ್ಡ ಚಮಚ. ಅಲ್ಲಿ 450 ಡಿಗ್ರಿಯ ಆಸುಪಾಸಿನ ಒಲೆಯಲ್ಲಿ ಒಂದೂವರೆ ನಿಮಿಷಕ್ಕೆ ಮುಗಿಯುವ ಕೆಲಸ, ಇಲ್ಲಿ 330ರ ಆಸುಪಾಸಿನಲ್ಲಿ ಮೂರು ನಿಮಿಷ ಹಿಡಿಯುತ್ತದೆ. ನೀರು ಆರುವುದು ಆ ಹೆಚ್ಚಿನ ಹೊತ್ತಿನಲ್ಲೇ. ಕಚ್ಚಿದರೆ ಹಪ್ಪಳದ ಸದ್ದು. ರೋಮ್‌ನವರು ಇದನ್ನು ಕರೆಯುವುದೂ ಸದ್ದಿನಿಂದಲೇ: 'ಸ್ಕ್ರೊಕ್ಯಾರೆಲ್ಲ'.

ಕೆಡಲು ದಾರಿ ಬೇಕಾದಷ್ಟಿವೆ. ಫ್ರಿಜ್ಜಿನಿಂದ ತೆಗೆದ ಹಿಟ್ಟನ್ನು ಆರಾಮಕ್ಕೆ ಬಿಡದೆ ಲಟ್ಟಿಸಿದರೆ ರಬ್ಬರಿನಂತೆ ಹಿಂದಕ್ಕೆ ಸರಿಯುತ್ತದೆ. ಕೆಳಗೆ ಉದುರಿಸಿದ ಒಣಹಿಟ್ಟನ್ನು ಕೊಡವದಿದ್ದರೆ ಒಲೆಯ ಕಲ್ಲಿನ ಮೇಲೆ ಕರಕಲಾಗಿ ಕಹಿ. ಮೊಜರೆಲ್ಲಾ ಚೀಸನ್ನು ಹೆಚ್ಚಿ ಒಂದೆರಡು ಗಂಟೆಯಾದರೂ ಜರಡಿಯಲ್ಲಿ ಬಸಿಯಲು ಬಿಡಬೇಕು, ಇಲ್ಲವಾದರೆ ಪಿಜ್ಜಾದ ನಡುವೆ ಕೆರೆ. ಟೊಮ್ಯಾಟೊ ಮೂರು ಚಮಚ ಸಾಕು, ಹಿಟ್ಟಿನ ಬಣ್ಣ ಅಲ್ಲಲ್ಲಿ ಇಣುಕಬೇಕು. ಮೇಲೆ ಹೇರಿದಷ್ಟೂ ಒಳ್ಳೆಯದು ಅನ್ನುವವರಿಗೆ ಈ ಪಿಜ್ಜಾ ಹೇಳಿದ್ದಲ್ಲ.

ಇನ್ನೊಂದು ತಮಾಷೆ. ರೋಮ್‌ನಲ್ಲಿ ಟೊಮ್ಯಾಟೊ, ಮೊಜರೆಲ್ಲಾ ಮೇಲೆ ಉಪ್ಪುಹಾಕಿದ ಆಂಚೊವಿ ಮೀನಿದ್ದರೆ ಅದು 'ನಾಪೊಲಿ'. ನೇಪಲ್ಸ್‌ನಲ್ಲಿ ಅದಕ್ಕೇ 'ರೊಮಾನಾ' ಅನ್ನುತ್ತಾರೆ. ಮೀನಿನ ಹೊಣೆ ಇಬ್ಬರಿಗೂ ಬೇಡ.

ತಟ್ಟೆಗೆ ಬಿದ್ದ ಗಳಿಗೆಯಿಂದಲೇ ಅಡಿಯ ಹಬೆ ತಿರುಗಿ ಹಿಟ್ಟಿಗೇ ಏರುತ್ತದೆ. ಐದು ನಿಮಿಷ ಮಾತಿಗೆ ಕೂತರೆ ಗರಿಗರಿ ಹೋಗಿ ತೊಗಲು. ಆದ್ದರಿಂದ ತಲೆಗೊಂದು ಪಿಜ್ಜಾ, ಹಂಚಿಕೊಳ್ಳುವ ಮಾತಿಲ್ಲ. ಒಲೆಯಿಂದ ಬಂದ ಹಾಗೆ ಮಾಣಿ ತಂದಿಡುತ್ತಾನೆ. ನಾಲ್ವರದೂ ಒಟ್ಟಿಗೆ ಬರಲೆಂದು ಮರ್ಯಾದೆಗೆ ಕಾದು ಕೂತರೆ ಮೊದಲನೆಯವನ ಊಟ ಹಾಳು. ಉಳಿದವರ ಕೈಗೆ ಅಷ್ಟು ಹೊತ್ತು ಕೆಲಸ ಬೇಕಲ್ಲ, ಅದಕ್ಕೇ ಮೊದಲು 'ಸುಪ್ಲಿ' ಹೇಳುವುದು: ಟೊಮ್ಯಾಟೊದಲ್ಲಿ ಬೆಂದ ಅನ್ನ, ಒಳಗೊಂದು ಮೊಜರೆಲ್ಲಾ ತುಂಡು, ಮೇಲೆ ಬ್ರೆಡ್ ಪುಡಿ ಹೊರಳಿಸಿ ಎಣ್ಣೆಗೆ ಬಿಟ್ಟದ್ದು. ಬಿಸಿಯಿರುವಾಗ ಮುರಿದರೆ ಎರಡು ತುಂಡಿನ ನಡುವೆ ಹಳೇ ಟೆಲಿಫೋನಿನ ತಂತಿಯಂತೆ ಚೀಸು ಜಗ್ಗುತ್ತದೆ.