ಮರುಭೂಮಿಯನ್ನು ಬೀಳು ಅನ್ನಬೇಡಿ

ನನ್ನ ಊರು ಗದಗದ ಕಡೆ. ರಾಜಸ್ಥಾನದ ಜೋಧಪುರಕ್ಕೆ ಬಂದು ಆರು ವರ್ಷ ಆಯಿತು. ಬಂದ ಹೊಸದರಲ್ಲಿ ಬಸ್ಸಿನ ಕಿಟಕಿಯಿಂದ ನೋಡಿ, "ಇಲ್ಲಿ ಏನೂ ಇಲ್ಲಮ್ಮ, ಬರೀ ಮರಳು, ಮುಳ್ಳು" ಅಂತ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ. ಎಷ್ಟು ತಪ್ಪು ಹೇಳಿದೆ ಅಂತ ಅರ್ಥವಾಗಿದ್ದು ಖೇಜಡ್ಲಿ ಮೇಳಕ್ಕೆ ಹೋದ ಮೇಲೆ.

ಖೇಜಡ್ಲಿ ಇಲ್ಲಿಂದ ಸುಮಾರು 25 ಕಿ.ಮೀ. ಭಾದ್ರಪದ ಶುದ್ಧ ದಶಮಿ, ಅಂದರೆ ಗಣೇಶ ಚೌತಿ ಆಗಿ ಆರನೇ ದಿನ, ಅಲ್ಲಿ ಬಿಷ್ಣೋಯಿ ಪಂಥದ ಜನ ಸಾವಿರಗಟ್ಟಲೆ ಸೇರುತ್ತಾರೆ. ಹೆಂಗಸರು ಕೆಂಪು ಓಢಣಿ ಹೊದ್ದು, ಮೈತುಂಬ ಚಿನ್ನ ಹಾಕಿಕೊಂಡು ಬರುತ್ತಾರೆ. ಹೋಮಕ್ಕೆ ತುಪ್ಪ, ಕೊಬ್ಬರಿ ಹಾಕುತ್ತಾರೆ. 1730ರಲ್ಲಿ ಜೋಧಪುರದ ರಾಜ ಅಭಯಸಿಂಹನ ಆಳುಗಳು ಸುಣ್ಣ ಸುಡಲು ಮರ ಕಡಿಯಲು ಬಂದದ್ದು ಇದೇ ಊರಿಗೆ. ಬಿಷ್ಣೋಯಿ ಹೆಂಗಸು ಅಮೃತಾ ದೇವಿ ಮರ ತಬ್ಬಿ ನಿಂತಳು. ಅವಳನ್ನೂ ಕಡಿದರು, ಅವಳ ಮೂವರು ಹೆಣ್ಣುಮಕ್ಕಳನ್ನೂ ಕಡಿದರು. ಆಮೇಲೆ ಸುತ್ತಲ ಹಳ್ಳಿಗಳಿಂದ ಜನ ಬಂದು ಒಬ್ಬೊಬ್ಬರಾಗಿ ಮರ ಹಿಡಿದು ನಿಂತರು. ಒಟ್ಟು 363 ಜನ ಸತ್ತರು. ಅವರ ನೆನಪಿಗೇ ಈ ಮೇಳ.

ಆ ಮರ ಯಾವುದು ಗೊತ್ತಾ? ಇಲ್ಲಿಯವರು ಖೇಜಡಿ ಅನ್ನುತ್ತಾರೆ. ಅದು ನಮ್ಮ ಬನ್ನಿ! ದಸರಾಕ್ಕೆ "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅಂತ ಎಲೆ ಕೊಟ್ಟು ಕೈ ಮುಗಿಯುತ್ತೇವಲ್ಲ, ಅದೇ ಮರ. ಗೊತ್ತಾದಾಗ ನನಗೆ ಅಲ್ಲೇ ಕಣ್ಣು ತುಂಬಿ ಬಂತು. ನಮಗೆ ಅದು ವರ್ಷಕ್ಕೊಂದು ದಿನದ ಎಲೆ. ಇವರಿಗೆ ಅದು ಊಟ. ಎಳೆ ಕಾಯಿ ಸಾಂಗ್ರಿ, ಒಣಗಿಸಿಟ್ಟು ವರ್ಷವಿಡೀ ಪಲ್ಯ ಮಾಡುತ್ತಾರೆ. ಎಲೆ ಆಡು, ಒಂಟೆಗೆ ಮೇವು. ಮರದ ಬುಡದಲ್ಲಿ ಸಜ್ಜೆ ಚೆನ್ನಾಗಿ ಬರುತ್ತದೆ ಅಂತ ಹೊಲದ ನಡುವೆಯೇ ಬಿಟ್ಟಿರುತ್ತಾರೆ.

ಮೇಳದಲ್ಲಿ ಪರಿಚಯವಾದ ಅಜ್ಜಿಯೊಬ್ಬರು ಮನೆಗೆ ಕರೆದರು. ರೊಟ್ಟಿ ಬಡಿಯಲು ಒಲೆ ಹಚ್ಚಿದರು. ಕಟ್ಟಿಗೆಯ ಒಂದೊಂದು ತುಂಡನ್ನೂ ಒಲೆಗಿಡುವ ಮುಂಚೆ ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದರು. ಯಾಕೆ ಅಂತ ಕೇಳುವಷ್ಟರಲ್ಲಿ ಒಂದು ತುಂಡಿನಿಂದ ಸಣ್ಣ ಹುಳ ಬಿತ್ತು. ಅಜ್ಜಿ ಅದನ್ನು ಬೆರಳಿನಿಂದ ಮೆಲ್ಲಗೆ ಗೋಡೆ ಕಡೆ ಸರಿಸಿದರು. ಸೊಸೆಯ ಬಗ್ಗೆ ಹೇಳುತ್ತಿದ್ದ ಮಾತನ್ನು ಮಾತ್ರ ನಿಲ್ಲಿಸಲಿಲ್ಲ. ಕಟ್ಟಿಗೆ ನೋಡಿ ಉರಿಸು ಅನ್ನುವುದು ಬಿಷ್ಣೋಯಿಗಳ ಗುರು ಜಾಂಭೋಜಿ ಹಾಕಿಕೊಟ್ಟ 29 ನಿಯಮಗಳಲ್ಲಿ ಒಂದು. ಅವರು ಈ ಪಂಥ ಶುರು ಮಾಡಿದ್ದು 1485ರಲ್ಲಿ. ಹಸಿ ಮರ ಕಡಿಯಬಾರದು ಅನ್ನುವುದು ಇನ್ನೊಂದು ನಿಯಮ. ಇವರು ಹೆಣ ಸುಡುವುದಿಲ್ಲ, ಹೂಳುತ್ತಾರೆ. ಅದರಿಂದ ಕಟ್ಟಿಗೆಯೂ ಉಳಿಯುತ್ತದೆ.

ಮರುಭೂಮಿಯ ವನ್ಯಜೀವಿಗಳ ಬಗ್ಗೆ ಹೋಟೆಲಿನ ಎಸಿ ಹಾಲಿನಲ್ಲಿ ನಡೆದ ಕಾರ್ಯಕ್ರಮಕ್ಕೂ ನಾನು ಹೋಗಿದ್ದೇನೆ. ಮೇಜಿನ ತುಂಬಾ ಪ್ಲಾಸ್ಟಿಕ್ ಬಾಟಲಿ. ವೇದಿಕೆ ಮೇಲೆ ಒಬ್ಬ ಕುರಿಗಾಹಿಯೂ ಇಲ್ಲ, ಒಬ್ಬ ಬಿಷ್ಣೋಯಿ ಹೆಂಗಸೂ ಇಲ್ಲ. ನನಗೆ ನಿಜವಾಗಿ ಬೇಜಾರಾಯಿತು. ಇಲ್ಲಿ ಸುಮ್ನೆ ಭಾಷಣ ಬೇಕಿಲ್ಲ. ಫಲೋದಿ ಹತ್ತಿರದ ಖೀಚನ್ನಿಗೆ ಚಳಿಗಾಲದಲ್ಲಿ ಹೋಗಿ ನೋಡಿ. ದೂರ ದೇಶದಿಂದ ಬರುವ ಕುರ್ಜಾ ಕೊಕ್ಕರೆಗಳಿಗೆ ಊರಿನವರೇ ಕಾಳು ಹಾಕುತ್ತಾರೆ. 2025ರಲ್ಲಿ ಖೀಚನ್ನಿಗೆ ರಾಮ್ಸಾರ್ ಮನ್ನಣೆ, ಅಂದರೆ ಮಹತ್ವದ ಜೌಗು ನೆಲ ಅನ್ನುವ ಅಂತರರಾಷ್ಟ್ರೀಯ ಗುರುತು, ಸಿಕ್ಕಿತು.

ಈಗ ನನಗೆ ಹೇಳಲೇಬೇಕಾದ ಮಾತು. ಇಂಥ ನೆಲವನ್ನು ಎಷ್ಟೋ ಕಡೆ ಸರ್ಕಾರಿ ಕಾಗದದಲ್ಲಿ ಬೀಳು ಅಂತ ಬರೆದಿದ್ದಾರೆ. ಇಲ್ಲಿ ಓರಣ್ ಅಂತ ಇರುತ್ತದೆ, ನಮ್ಮ ದೇವರಕಾಡಿನ ಹಾಗೆ. ಅಲ್ಲಿ ಕೊಡಲಿ ಆಡುವಂತಿಲ್ಲ, ದನ ಮೇಯಬಹುದು. ಅದೂ ಕಾಗದದಲ್ಲಿ ಬೀಳಾದರೆ, ಸೋಲಾರ್ ಫಲಕ ಹಾಕಲು ಕೊಡುವುದು ಬಹಳ ಸುಲಭ. ಬಿಕಾನೇರ್ ಕಡೆ ಹೀಗೆ ಖೇಜಡಿ ಮರಗಳು ಉರುಳಿ, ಜನ ಧರಣಿ ಕೂತರು. ಜೈಸಲ್ಮೇರ್ ಕಡೆ ಓರಣ್ ಉಳಿಸಿ ಅಂತ ಪಾದಯಾತ್ರೆ ಮಾಡಿದ್ದಾರೆ. 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟು ಓರಣ್‌ಗಳನ್ನು ಅಳೆದು ಕಾಡು ಅಂತ ದಾಖಲಿಸಿ ಅಂತ ರಾಜಸ್ಥಾನ ಸರ್ಕಾರಕ್ಕೆ ಹೇಳಿದೆ. ಕೆಲಸ ಬೇಗ ಆಗಬೇಕು.

ನಾನು ಸೋಲಾರ್ ವಿರೋಧಿ ಅಲ್ಲ. ನಮ್ಮ ಮನೆ ಮೇಲೂ ಹಾಕಿಸಿದ್ದೇವೆ. ಆದರೆ ಫಲಕದಿಂದ ಹೊರಡುವ ತಂತಿಗೆ ಬಡಿದು ಗೋಡಾವಣ್ ಸಾಯುತ್ತದೆ. ಭಾರದ ಹಕ್ಕಿ ಅದು, ಎದುರಿನ ತಂತಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ತಿರುಗುವಷ್ಟರಲ್ಲಿ ಬಡಿದಿರುತ್ತದೆ. ಒಂದು ಸಲಕ್ಕೆ ಇಡುವುದೂ ಸಾಮಾನ್ಯವಾಗಿ ಒಂದೇ ಮೊಟ್ಟೆ. ಅದೇ ಹಕ್ಕಿಯನ್ನು ನಮ್ಮ ಕಡೆ ಎರೆಭೂತ ಅನ್ನುತ್ತಾರೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಹುಲ್ಲುಗಾವಲನ್ನು ಬೀಳು ಅನ್ನುವ ಅಭ್ಯಾಸ ನಮ್ಮಲ್ಲೂ ಜಾಸ್ತಿನೇ ಇದೆ, ಅಲ್ವಾ?

ಮುಂದಿನ ಭಾದ್ರಪದಕ್ಕೆ ಈ ಕಡೆ ಬರುವವರಿದ್ದರೆ ನನಗೊಂದು ಮೆಸೇಜ್ ಹಾಕಿ. ಮೇಳಕ್ಕೆ ಒಟ್ಟಿಗೆ ಹೋಗೋಣ. ಸ್ಟೀಲ್ ಬಾಟಲಿ ತನ್ನಿ, ನೀಲಿ ಬಟ್ಟೆ ಬೇಡ, ಬಿಷ್ಣೋಯಿಗಳು ನೀಲಿ ಉಡುವುದಿಲ್ಲ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಸಜ್ಜೆ ರೊಟ್ಟಿ, ಸಾಂಗ್ರಿ ಪಲ್ಯ ಮಾಡುತ್ತೇನೆ. ಅಜ್ಜಿ ಕೊಟ್ಟ ಸಾಂಗ್ರಿ ಇನ್ನೂ ಅರ್ಧ ಡಬ್ಬಿ ಇದೆ.