ಆಮೆಗೆ ಹೆದರುವ ಗಿಡ

ಮಾರಿಷಸ್‌ನಿಂದ ಸುಮಾರು 560 ಕಿ.ಮೀ. ಪೂರ್ವಕ್ಕೆ, ಹಿಂದೂ ಮಹಾಸಾಗರದ ನಡುವೆ ರೋಡ್ರಿಗ್ಸ್ ಅನ್ನೋ ಪುಟ್ಟ ದ್ವೀಪವಿದೆ. ಅಲ್ಲಿನ ಒಂದು ಗಿಡ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಹೆಸರು ಕೆಫೆ ಮರೋನ್. ನಮ್ಮ ಕೊಡಗಿನ ಕಾಫಿಯ ದೂರದ ನೆಂಟ. ಹೂವು ಬಿಳಿ ನಕ್ಷತ್ರದ ಹಾಗಿದೆ.

ಎಳೆಯ ಗಿಡದ ಎಲೆ ನೋಡಬೇಕು ನೀವು. ಉದ್ದ, ಸಪೂರ, ಕಂದು ಬಣ್ಣ. ಒಣಕಡ್ಡಿ ಅಂದುಕೊಂಡು ದಾಟಿ ಹೋಗಿಬಿಡುತ್ತೀರಿ. ಗಿಡ ಎತ್ತರವಾದ ಮೇಲೆ ಮಾತ್ರ ಅಗಲವಾದ ಹಸಿರೆಲೆ ಬಿಡುತ್ತದೆ. ಕತ್ತು ಚಾಚಿದರೂ ಎಲೆ ಮೇಯುವ ದೈತ್ಯ ಆಮೆಗೆ ಎಟುಕದಷ್ಟು ಬೆಳೆಯುವ ತನಕ ಈ ವೇಷ ಅಂತ ಗಿಡಗಳನ್ನು ಬಲ್ಲವರು ಹೇಳುತ್ತಾರೆ.

ಆ ದೈತ್ಯ ಆಮೆಗಳು ಅಳಿದು 200 ವರ್ಷ ದಾಟಿತು.

ದ್ವೀಪದ ಚರಿತ್ರೆ ಅಂದರೆ ಯಾವ ಹಡಗು ಯಾವಾಗ ಬಂತು ಅನ್ನೋದೇ ಜಾಸ್ತಿ. ನನಗೆ ಅದು ಸಾಲದು. ಯಾರು ಬರುವ ಮೊದಲು ಅಲ್ಲಿ ಏನಿತ್ತು ಅಂತ ಕೇಳಬೇಕು. ಅದೃಷ್ಟಕ್ಕೆ ಇಲ್ಲಿ ಒಬ್ಬ ನೋಡಿ ಬರೆದಿಟ್ಟ. ಫ್ರಾನ್ಸ್‌ನಲ್ಲಿ ಧರ್ಮದ ಕಾರಣಕ್ಕೆ ಕಿರುಕುಳ ತಾಳದೆ ಹೊರಟ ಫ್ರಾಂಸ್ವಾ ಲೆಗಾ, 1691ರಲ್ಲಿ ಕೆಲವೇ ಜನರ ಜೊತೆ ಇಲ್ಲಿಳಿದು ಎರಡು ವರ್ಷ ಇದ್ದ. ಆಮೆಗಳ ಬೆನ್ನ ಮೇಲೇ ಕಾಲಿಟ್ಟು ನೂರು ಹೆಜ್ಜೆಗೂ ಜಾಸ್ತಿ ನಡೆಯಬಹುದಿತ್ತು ಅಂತ ಬರೆದ. ಹಾರಲಾರದ ಸಾಲಿಟೇರ್ ಹಕ್ಕಿಯ ರೆಕ್ಕೆಯಲ್ಲಿ ಬಂದೂಕಿನ ಗುಂಡಿನಷ್ಟು ದಪ್ಪ ಗಂಟಿತ್ತು ಅಂತಲೂ ಬರೆದ. ಅವನ ಪುಸ್ತಕವನ್ನೇ ಕಟ್ಟುಕತೆ ಅಂದವರಿದ್ದರು. ಆದರೆ ಗುಹೆಗಳಲ್ಲಿ ಸಿಕ್ಕ ಮೂಳೆಗಳಲ್ಲಿ ಆ ಗಂಟು ಹಾಗೇ ಇತ್ತು!

ಲೆಗಾನ ಗುಂಪೂ ಆಮೆ ತಿಂದಿತು, ನಿಜ. ನಾಶವಾದದ್ದು ಆಮೇಲೆ. ಮೇವು ನೀರಿಲ್ಲದೆ ತಿಂಗಳುಗಟ್ಟಲೆ ಬದುಕುವುದೇ ಅವಕ್ಕೆ ಮುಳುವಾಯಿತು. ಜೀವಂತವಾಗಿಯೇ ಹಡಗಿಗೆ ತುಂಬಿ, ಸಾವಿರಗಟ್ಟಲೆ ಮಾರಿಷಸ್‌ಗೆ ಸಾಗಿಸಿದರು. ಇಷ್ಟೊಂದಿವೆ, ಎಲ್ಲಿ ಮುಗಿಯುತ್ತವೆ ಅನ್ನೋ ಧೈರ್ಯ ಇರಬೇಕು. ನಮ್ಮೂರ ಕೆರೆ, ಕಾಡಿನ ಬಗ್ಗೆಯೂ ನಾವು ಮಾತಾಡೋದು ಹೀಗೇ ಅಲ್ವಾ?

ಕೆಫೆ ಮರೋನ್ ಕೂಡ ಮುಗಿದೇ ಹೋಯಿತು ಅಂದುಕೊಂಡಿದ್ದರು. 1980ರ ಆಸುಪಾಸಿನಲ್ಲಿ ಮೇಷ್ಟ್ರು ಹಳೆಯ ಚಿತ್ರ ತೋರಿಸಿದಾಗ, ಒಬ್ಬ ಶಾಲೆಯ ಹುಡುಗ ಈ ಗಿಡ ನಾನು ನೋಡಿದ್ದೀನಿ ಅಂದ. ಉಳಿದಿದ್ದು ಅದೊಂದೇ. ಔಷಧಿಗೆಂದು ಜನ ಅದರ ಸುತ್ತಲ ಬೇಲಿ ಹಾರಿ ಕೊಂಬೆ ಮುರಿಯತೊಡಗಿದರು. ಅದರ ಕಡ್ಡಿ ಲಂಡನ್ನಿನ ಕ್ಯೂ ಅನ್ನೋ ಸಸ್ಯತೋಟ ಸೇರಿ ಚಿಗುರಿತು, ಹೂ ಬಿಟ್ಟಿತು. ಬೀಜ ಮಾತ್ರ ಕಟ್ಟಲೇ ಇಲ್ಲ. ವರ್ಷಗಟ್ಟಲೆ ಕಾದು 2003ರಲ್ಲಿ ಕೊನೆಗೂ ಬೀಜ ಸಿಕ್ಕಿತು.

ಮೊಳೆತ ಸಸಿಗಳು ಬಿಟ್ಟಿದ್ದು ಅದೇ ಸಪೂರ ಕಂದು ಎಲೆ. ಲಂಡನ್ನಿನ ಗಾಜಿನ ಮನೆಯಲ್ಲಿ, ಆಮೆಗೆ ಕಾಣದ ಹಾಗೆ.