ಪಂಚಮಿಯ ಹಾಲು, ಹೆಣ್ಣುಮಕ್ಕಳ ಪಾಲು

ನಮ್ಮ ಬಾಗಲಕೋಟೆ ಸೀಮೆಯಲ್ಲಿ ನಾಗರ ಪಂಚಮಿಯ ದಿನ ‘ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು’ ಎಂದು ಮನೆಯ ಒಬ್ಬೊಬ್ಬರನ್ನೂ ನೆನೆಯುತ್ತ ಕೊಬ್ಬರಿ ಬಟ್ಟಲಿನಿಂದ ನಾಗಪ್ಪನಿಗೆ ಹಾಲೆರೆಯುತ್ತಾರೆ. ತವರಿಗೆ ಬಂದ ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಪಾಲನ್ನು ಎಂದೂ ಮರೆಯುವುದಿಲ್ಲ. ಅವರ ಪಾಲನ್ನು ಮಾತ್ರ ನಾವು ಮರೆತಿದ್ದೇವೆ.

ಅಜ್ಜ ತೀರಿಕೊಂಡ ಮೇಲೆ ಹೊಲದ ಉತಾರಕ್ಕೆ, ಅಂದರೆ ಪಹಣಿಗೆ, ವಾರಸುದಾರರ ಹೆಸರು ಸೇರಿಸುವ ಹೊತ್ತಿಗೆ, ನಮ್ಮ ಮನೆಯವರು ನನ್ನ ಸೋದರತ್ತೆಯನ್ನು ಬಾಡಿಗೆ ಜೀಪಿನಲ್ಲಿ ಕರೆತಂದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದರು. ನಾನು ಜೊತೆಗಿದ್ದೆ. ಬೆರಳಿನ ಮಸಿಯನ್ನು ಗೋಡೆಗೆ ಒರೆಸಲು ಹೋದ ಅತ್ತೆ, ಅಲ್ಲಿ ಆಗಲೇ ಮೂಡಿದ್ದ ನೂರಾರು ಹೆಬ್ಬೆಟ್ಟಿನ ಕಲೆಗಳನ್ನು ಕಂಡು, ಕೈ ಹಿಂದಕ್ಕೆ ತೆಗೆದು ತಲೆಗೂದಲಿಗೆ ಸವರಿಕೊಂಡಳು. ‘ತವರಿನ ಬಾಗಲಾ ತೆರದಿರ್ಲಿ ಅಂತ ಒತ್ತೇನಪಾ’ ಎಂದಳು. ಮುಂದಿನ ಎರಡು ಪಂಚಮಿಗೆ ಆಕೆಗೆ ಕರೆ ಹೋಯಿತು. ಮೂರನೆಯದಕ್ಕೆ ಶೇಂಗಾ ಉಂಡಿಯ ಡಬ್ಬಿಯೊಂದು ಬಸ್ಸಿನ ಕಂಡಕ್ಟರರ ಕೈಯಲ್ಲಿ ಹೋಯಿತು. ಆಮೇಲೆ ಅದೂ ನಿಂತಿತು.

ಕರ್ನಾಟಕವು 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತಾದರೂ, ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಅದು ಜಾರಿಗೆ ಬಂದ ಆ ವರ್ಷದ ಸೆಪ್ಟೆಂಬರ್ 9ರಂದು ತಂದೆ ಬದುಕಿರಲೇಬೇಕೆಂಬ ವಾದಕ್ಕೆ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ತೆರೆ ಎಳೆದು, ಮಗಳ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಹೇಳಿತು. ಆದರೂ ನಮ್ಮ ಊರುಗಳಲ್ಲಿ ‘ಪಾಲು ಕೇಳಿದರೆ ತವರು ತಪ್ಪುತ್ತದೆ’ ಎಂಬ ಮಾತು ಈ ಕಾನೂನುಗಳಿಗಿಂತ ಗಟ್ಟಿಯಾಗಿ ನಿಂತಿದೆ.

ಮದುವೆಗೆ ಖರ್ಚು ಮಾಡಿಲ್ಲವೇ, ಬಂಗಾರ ಹಾಕಿಲ್ಲವೇ ಎಂದು ಕೇಳುವವರಿದ್ದಾರೆ. ಮಗನ ಮದುವೆಯ ಖರ್ಚನ್ನು ಅವನ ಪಾಲಿನಲ್ಲಿ ಯಾರೂ ಮುರಿದುಕೊಳ್ಳುವುದಿಲ್ಲ. ಸಾಲ ಮಾಡಿ ಕೊಟ್ಟ ವರದಕ್ಷಿಣೆಯಂತೂ ಮಗಳ ಕೈಗೆ ಬಂದದ್ದೇ ಅಲ್ಲ. ನಾಲ್ಕು ಎಕರೆಯನ್ನು ಐದು ಮಂದಿಗೆ ತುಂಡು ಮಾಡಿದರೆ ಒಕ್ಕಲುತನ ಉಳಿಯದು ಎಂಬುದು ಮಾತ್ರ ನಿಜವಾದ ಕಷ್ಟ, ಅದನ್ನು ನಾನು ಒಪ್ಪುತ್ತೇನೆ. ಆದರೆ ಹೊಲ ಒಡೆಯದೆ ಆಕೆಯ ಹೆಸರನ್ನು ಉತಾರದಲ್ಲಿ ಉಳಿಸಿ ವರ್ಷವರ್ಷ ಪೀಕಿನ ಪಾಲು ಕೊಡಬಹುದು, ಇಲ್ಲವೇ ಕಂತಿನಲ್ಲಿ ಬೆಲೆ ಕಟ್ಟಿಕೊಡಬಹುದು. ಆಲಮಟ್ಟಿ ಹಿನ್ನೀರಿನ ಪರಿಹಾರವಾಗಿ ಬಂದ ಹಣ ಹಂಚಲಂತೂ ಬದು ಹಾಕಬೇಕಿಲ್ಲ.

ನನ್ನ ತಂಗಿಯೂ ಸಹಿ ಮಾಡಲು ಸಿದ್ಧಳಾಗಿಯೇ ಬಂದಿದ್ದಳು. ಕಾಗದವನ್ನು ಹರಿದು ಹಾಕಿದೆ. ಮನೆಯಲ್ಲಿ ಒಂದು ವಾರ ಯಾರೂ ನನ್ನೊಡನೆ ಮಾತಾಡಲಿಲ್ಲ.

ಈ ಪಂಚಮಿಗೆ ಅತ್ತೆಯನ್ನು ಕರೆತರಲು ನಾನೇ ಹೋಗಿದ್ದೆ. ಹುತ್ತದ ಮುಂದೆ ಸೆರಗು ಹೊದ್ದು ಕುಳಿತ ಆಕೆ ದೇವರ ಪಾಲನ್ನು ಎರೆದ ಕೂಡಲೇ ಹೇಳಿದ್ದು, ಇಷ್ಟು ವರ್ಷ ತನಗೆ ಕರೆ ಕಳಿಸದ ನನ್ನ ಅಪ್ಪನ ಹೆಸರನ್ನು: ‘ತಮ್ಮನ ಪಾಲು.’